ಠೈರೋ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಮುಗಿದ ಮೇಲೆ
ಯಾವ ಜಾಲರಿಗೆ ಎಷ್ಟು ಬಿತ್ತು ಎಂದು
ಮುನ್ನೂರು ರೀಲರುಗಳ ಗುಂಪಿಗೆ ಹೇಳುವುದಕ್ಕೆ
ನಾನೊಂದು ಬಾಟ್ ಬರೆದೆ,
ದಿಬ್ಬೂರಹಳ್ಳಿ ರಸ್ತೆಯ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ,
ಒಡೆದ ಡಿಸ್‌ಪ್ಲೇಗಳ ನಡುವೆ ಕೂತು,
ಮೂರು ರಾತ್ರಿ.

ಬರೆದದ್ದು ಇಷ್ಟೇ:
ಒಂದು ಲಾಟು ಓದು, ಕಳಿಸು,
ಮುಂದಿನದು ಓದು, ಕಳಿಸು,
ಪಟ್ಟಿ ಮುಗಿಯುವ ತನಕ.
ಉಸಿರಾಡು ಎಂದು ಎಲ್ಲೂ ಬರೆದಿರಲಿಲ್ಲ.
ಯಂತ್ರಕ್ಕೆ ಯಾರು ಬರೆಯುತ್ತಾರೆ ಅದನ್ನು.

ಮೊದಲ ದಿನ ನಾನೂರ ಹನ್ನೆರಡು ಲಾಟು.
ಸುರಿಯಿತು.
ಜೇಬು, ಸೊಂಟ, ಕಿಟಕಿಯ ಕಟ್ಟೆ,
ಊರಿನ ಬೇಸಿನ್ನುಗಳ ಮುಂದೆಲ್ಲ ಒಂದೇ ಟಿಣಿಟಿಣಿ.
ಮುನಿವೆಂಕಟಪ್ಪ ಬರೆದರು: ನಿಲ್ಸಪ್ಪ.
ಗಫೂರ್ ಸೇಠ್ ದನಿ ಕಳಿಸಿದರು: ಬಸ್ ಕರೋ.
ಯಾರೋ ಕೈಮುಗಿದ ಚಿತ್ರ ಹಾಕಿದರು, ಏಳು ಸಲ.

ನಿಲ್ಲಿಸು ಎಂಬ ಮಾತು ಅದಕ್ಕೆ ಗೊತ್ತಿತ್ತು.
ನಾನೇ ಕಲಿಸಿದ್ದೆ.
ಆದರೆ ಸುತ್ತಿಗೆ ಬಿದ್ದ ಮೇಲೆ ಅದಕ್ಕೆ ಕಿವಿ ಇಲ್ಲ;
ಬಂದ ಮಾತೆಲ್ಲ ಬಾಗಿಲ ಹೊರಗೆ
ರೇಷನ್ ಅಂಗಡಿಯ ಚೀಲಗಳ ಹಾಗೆ
ಸಾಲಾಗಿ ಕೂತಿತ್ತು.
ಇನ್ನೂರ ಎಂಬತ್ತನೆಯ ಲಾಟಿಗೆ
ಕಂಪನಿಯ ಸರ್ವರ್ರೇ ಕತ್ತು ಹಿಡಿಯಿತು:
ಅತಿಯಾಯಿತು, ಒಂದು ಗಂಟೆ ಬಿಟ್ಟು ಬಾ.
ಬಿಡಲಿಲ್ಲ ಅದು.
ಅದೇ ಬಾಗಿಲು, ಅದೇ ಬಡಿತ.
ನಾನು ಪ್ಲಗ್ ಕಿತ್ತೆ.

ಸಂಜೆ ಜಬೀನಾ ಖಾಲಾ ಬಂದರು,
ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಫೋನು ಹುಗಿದುಕೊಂಡು.
ಗಡಗಡ ನಡುಗುತ್ತಾ ನಡುಗುತ್ತಾ
ಕಟ್ಟೆಯ ಅಂಚಿಗೆ ತಾನೇ ನಡೆದು
ಕುದಿಯುವ ಬೇಸಿನ್ನಿಗೆ ಹಾರಿತಂತೆ,
ಗೂಡುಗಳ ನಡುವೆ ತೇಲುವುದಕ್ಕೆ.
ನಕ್ಕರು. ನನಗೆ ನಗು ಬರಲಿಲ್ಲ.
ಬದಲಿಗೆ ಇನ್ನೊಂದು ಕೊಟ್ಟೆ, ಹಳೆಯದು,
ಸಿಮ್ ಹಾಕಿಕೊಡಲು ಮಾರನೆಯ ದಿನ ಅವರ ಶೆಡ್ಡಿಗೆ ಹೋದೆ.

ಅಲ್ಲಿ ಹುಳದ ವಾಸನೆ, ಹಬೆ.
ಬೇಯುವ ನೀರಿಗೆ ಬೆರಳದ್ದಿ
ಎಳೆಯ ತುದಿ ಹೆಕ್ಕುತ್ತಿದ್ದರು ಖಾಲಾ,
ಹೆಕ್ಕಿ, ಪಕ್ಕದ ತಣ್ಣೀರಿನ ಬಟ್ಟಲಿಗೆ ಬೆರಳು,
ಮತ್ತೆ ಬಿಸಿಗೆ,
ಮತ್ತೆ ಬಟ್ಟಲಿಗೆ.
ಎಳೆ ಕಡಿದಾಗ ಮಾತ್ರ ತಲೆ ಎತ್ತದೆ
ಠೈರೋ, ಅನ್ನುವರು.
ಸ್ವಿಚ್ಚಿನ ಹತ್ತಿರದ ಹುಡುಗ ಚಕ್ರ ನಿಲ್ಲಿಸುವನು,
ಗಂಟು ಬೀಳುವುದು, ಚಕ್ರ ಹೊರಡುವುದು.
ಬಟ್ಟಲು ಯಾಕೆ ಎಂದು ಕೇಳಿದೆ, ಗೊತ್ತಿದ್ದೂ.
ಅದಿಲ್ದೆ ಮೂವತ್ತೊರ್ಷ ಈ ಕೈ ಇರ್ತಿತ್ತಾ?
ಅಂದು, ಬಿಳಿಚಿದ ಹತ್ತು ಬೆರಳು ತೋರಿಸಿದರು.

ಅಂಗಡಿಗೆ ಬಂದು ಒಂದು ಸಾಲು ಸೇರಿಸಿದೆ.
ಮೊದಲು ಸುತ್ತಿನ ಹೊರಗೆ ಹಾಕಿ ಮಂಗನಾದೆ:
ಮೂರು ಸೆಕೆಂಡು ಸಾಧುವಿನಂತೆ ಕೂತು
ಆಮೇಲೆ ಅದೇ ಪ್ರವಾಹ.
ಪುಣ್ಯಕ್ಕೆ ಪರೀಕ್ಷೆಯ ಗುಂಪಿನಲ್ಲಿ ನಾನೊಬ್ಬನೇ ಇದ್ದೆ.
ಒಳಗೆ ತಂದೆ ಅದನ್ನು,
ಕಳಿಸು ಎಂಬುದರ ಕೆಳಗೆ,
ಪ್ರತಿ ಲಾಟಿಗೂ ಒಂದು ಬಟ್ಟಲು.
ಹೆಸರಿಟ್ಟೆ: ಠೈರೋ.

ನಾನೂರ ಹನ್ನೆರಡಕ್ಕೆ ಈಗ
ಇಪ್ಪತ್ತು ನಿಮಿಷ, ಮೂವತ್ತಾರು ಸೆಕೆಂಡು.
ಅಷ್ಟೊತ್ತಾ? ಗಫೂರ್ ಸೇಠ್‌ಗೆ ಅಸಮಾಧಾನ.
ಎರಡಕ್ಕೆ ಇಳಿಸು ಅಂತಾರೆ. ನೋಡೋಣ ಅಂದಿದ್ದೇನೆ,
ಇಳಿಸುವುದಿಲ್ಲ.
ಆ ಮೂರು ಸೆಕೆಂಡಿನಲ್ಲೇ ಅದು ಬಾಗಿಲ ಕಡೆ ತಿರುಗುವುದು,
ಕೂತವರನ್ನು ನೋಡುವುದು.
ಸಾಕು ಅಂದವರಿಗೆ ಸಾಕು ಮಾಡುತ್ತದೆ.

ಮೊನ್ನೆ ತೊಂಬತ್ತೇಳಕ್ಕೂ ತೊಂಬತ್ತೆಂಟಕ್ಕೂ ನಡುವೆ
ಮುನಿವೆಂಕಟಪ್ಪನವರದು ಒಂದು ಸಾಲು:
ಊಟ ಆಯ್ತಾ?

ಕಲಿಸಿಲ್ಲ ನಾನು ಇದನ್ನು.
ಲಾಟ್ ಸಂಖ್ಯೆ ನಮೂದಿಸಿ, ಅಂತು ಅದು.
ಅವರೂ ಸುಮ್ಮನಾದರು.
ಏನು ಹೇಳಿಕೊಡಲಿ ಎಂದು ನಾನು ಯೋಚಿಸುತ್ತಿರುವಾಗಲೇ
ತೊಂಬತ್ತೆಂಟು ಬಂತು:
ಮಿಶ್ರತಳಿ, ಐನೂರ ಹದಿನಾರು.